ಕೆರೆ ಬಡಿಯುವ ಸದ್ದು

ನಂಬುವುದು ಬಿಡುವುದು ನಿಮಗೆ ಸೇರಿದ್ದು. ಆ ಬೇಸಿಗೆ ಕೆರೆ ಸೊಂಟದ ಮಟ್ಟಕ್ಕಿಳಿದು, ಮೇಲೆ ಪಾಚಿ ಹಸಿರಾಗಿ ಕೆನೆಗಟ್ಟಿತ್ತು. ಉಸಿರು ಸಾಲದೆ ಮೀನುಗಳು ಬಾಯಿ ಮೇಲೆತ್ತಿ ಸಾಯುತ್ತಿದ್ದವು. ಅಂಥ ಕಾಲದಲ್ಲಿ ನೀರಿಗೆ ಗಾಳಿ ಸೇರಲೆಂದು ಅಪ್ಪ ದೋಣಿಯ ಹುಟ್ಟಿನಿಂದ ಕೆರೆಯನ್ನು ಬಡಿಯುತ್ತಿದ್ದ. ಅವನು ತೀರಿಕೊಂಡ ಮೇಲೆ ನಾವು ಅದನ್ನು ಬಿಟ್ಟೇಬಿಟ್ಟಿದ್ದೆವು.

ಅವತ್ತು ನಸುಕಿನಲ್ಲಿ ಅಮ್ಮ, ಅಣ್ಣ, ನಾನು ಸತ್ತ ಮೀನು ಬಾಚಲು ಹೋದಾಗ ಮಂಜಿನೊಳಗೆ ಧಪ್, ಧಪ್ ಎಂಬ ಸದ್ದು. ಗಾಳಿಯಿರಲಿಲ್ಲ, ಆದರೂ ತಣ್ಣನೆಯ ಅಲೆಯೊಂದು ಕಾಲಿಗೆ ತಾಗಿತು.

"ಯಾರದು?" ಎಂದು ಅಣ್ಣ ಕೂಗಿದ. ಸದ್ದು ನಿಂತಿತು.

"ಬಾಯ್ಮುಚ್ಚೋ! ಕೆಲಸ ಮಾಡೋರನ್ನ ಯಾಕೆ ಮಾತಾಡಿಸ್ತೀಯ?" ಎಂದು ಅಮ್ಮ ಗದರಿದಳು.

ಸದ್ದು ಮತ್ತೆ ಶುರುವಾಯಿತು.

ಬಿಸಿಲೇರಿದಾಗ ಕೆರೆಯ ನಡುವೆ ಪಾಚಿ ಸರಿದಿತ್ತು. ಮೀನುಗಳು ಅಲ್ಲಿ ಜೀವದಿಂದ ಹೊರಳುತ್ತಿದ್ದವು.

ಮಾರನೆಯ ದಿನದಿಂದ ನಾವೇ ಹುಟ್ಟು ಹಿಡಿದೆವು. ಇವತ್ತಿಗೂ ನಮ್ಮ ಕೈ ಸೋತು ನಿಂತರೂ, ಬಡಿತ ಮಾತ್ರ ನಿಲ್ಲುವುದಿಲ್ಲ.