ಹೊಸ್ತಿಲು ದಾಟಿದ ಗಾಲಿ

ಬೀದಿಯ ಜಲ್ಲಿಕಲ್ಲಿನ ಮೇಲೆ ಸರಾಗವಾಗಿ ಉರುಳಿ ಬಂದ ಗಾಲಿಕುರ್ಚಿ, ಮನೆಯ ಮೂರು ಮೆಟ್ಟಿಲುಗಳ ಎದುರು ಒಂದು ಕ್ಷಣ ನಿಂತು ಅಳತೆ ತೆಗೆದುಕೊಂಡಿತು. ಗಾಲಿಯೊಳಗಿನ ಕಡ್ಡಿಗಳು ಉದ್ದವಾದವು. ಮೆತ್ತಗಾದ ಗಾಲಿ ಮೆಟ್ಟಿಲಿನ ಅಂಚನ್ನು ಬೆರಳಿನಂತೆ ಹಿಡಿದು ಮೇಲೇರಿತು. ಕುರ್ಚಿಯಲ್ಲಿ ಕೂತ ನೀಲಾಂಬಿಕೆಯ ಮಡಿಲಿನ ಮೊಸರಿನ ಡಬ್ಬಿ ತುಳುಕಲೂ ಇಲ್ಲ. ಬಾಗಿಲ ಮುಂದೆ ಬಂದೊಡನೆ ಇಪ್ಪತ್ತೇಳು ಇಂಚು ಅಗಲವಿದ್ದ ಕುರ್ಚಿ ತನ್ನನ್ನು ತಾನೇ ಕುಗ್ಗಿಸಿಕೊಂಡು ಇಪ್ಪತ್ತು ಇಂಚಾಯಿತು. ಇನ್ನು ಹೊಸ್ತಿಲೊಂದು ದಾಟಿದರೆ ಒಳಗೆ. ಅಲ್ಲಿ ನೀಲಾಂಬಿಕೆ ಅದನ್ನು ನಿಲ್ಲಿಸಿದಳು, ಚಪ್ಪಲಿಗಳ ಸಾಲಿನ ಪಕ್ಕದಲ್ಲಿ.

"ವೈನೀ, ಬಂದೇರಿ!"

"ತಡಿಯವ್ವಾ, ಬಂದೆ," ಎನ್ನುತ್ತ ಅಣ್ಣನ ಹೆಂಡತಿ ಶಕುಂತಲಾ ಒಳಗಿನ ಪುಟ್ಟ ಕುರ್ಚಿಯನ್ನು ತಳ್ಳಿಕೊಂಡು ಬಂದಳು. ಸೊಂಟದ ಪಟ್ಟಿ ಬಿಗಿ ಮಾಡಿಕೊಂಡು, ನಾದಿನಿಯ ಕಂಕುಳಿಗೆ ಕೈಹಾಕಿ, ಹಲ್ಲು ಕಚ್ಚಿ ಎತ್ತಿ, ಆ ಕುರ್ಚಿಯಿಂದ ಈ ಕುರ್ಚಿಗೆ ಕೂರಿಸಿದಳು. ಬೆಳಗಿನಿಂದ ಇದು ಮೂರನೆಯ ಸಲ.

ಅದು ೨೦೫೭ರ ಹುಬ್ಬಳ್ಳಿ. ಆಕಾಶದಲ್ಲಿ ಸಾಮಾನು ಸಾಗಿಸುವ ಯಂತ್ರಗಳು ಕಾಗೆಗಳಿಗಿಂತ ಹೆಚ್ಚಾಗಿದ್ದವು. ಆದರೆ ಚಪ್ಪಲಿ ಮಾತ್ರ ಬಾಗಿಲ ಹೊರಗೇ ಇತ್ತು, ಅದರ ಜೊತೆಗೆ ಬೀದಿ ತುಳಿದ ಗಾಲಿಯೂ. ನಡುಮನೆಯಲ್ಲಿ ದೇವರ ಜಗಲಿ, ಅದರ ಬೆನ್ನಿಗೇ ಅಡುಗೆಮನೆ. ಬೀದಿಯಲ್ಲಿ ಕಂಡಕಂಡ ಕಸವನ್ನೆಲ್ಲ ತುಳಿದು ಬಂದ ಗಾಲಿ ಅಲ್ಲಿ ಓಡಾಡುವುದೆಂದರೇನು! ಯಾರೂ ಬೇಡವೆಂದು ಬಾಯಿಬಿಟ್ಟು ಹೇಳಿರಲಿಲ್ಲ. ಹೇಳುವ ಪ್ರಮೇಯವೇ ಬಂದಿರಲಿಲ್ಲ.

ಹಿಂದೆಯೂ ನೀಲಾಂಬಿಕೆಗೆ ಎರಡು ಕುರ್ಚಿಗಳಿದ್ದವು. ಒಳಗಿನದು ಸಣ್ಣ ಗಾಲಿಯದು, ನಿಂತಲ್ಲೇ ಬುಗುರಿಯಂತೆ ತಿರುಗುತ್ತಿತ್ತು, ಆದರೆ ಅಂಗಳದ ಮೊದಲ ಕಲ್ಲಿಗೇ ಶರಣು. ಹೊರಗಿನದು ದೊಡ್ಡ ಬ್ಯಾಟರಿಯ ಗಟ್ಟಿ ಗಾಡಿ, ಅಡುಗೆಮನೆಯ ಬಾಗಿಲಲ್ಲಿ ಹಿಡಿಸುತ್ತಲೇ ಇರಲಿಲ್ಲ. ಎರಡರ ನಡುವೆ ಎತ್ತಿ ಕೂರಿಸಲು ಒಂದು ಜೀವ ಬೇಕಿತ್ತು. ಆ ಒಂದು ಎತ್ತುವಿಕೆಯನ್ನು ತಪ್ಪಿಸಲೆಂದೇ ಧಾರವಾಡದ ವಿಜ್ಞಾನಿ ಡಾ. ವಿದುಲಾ ಕಂಠಿ ಹನ್ನೊಂದು ವರ್ಷ ತಲೆ ಕೆಡಿಸಿಕೊಂಡು ಈಗ ಬಾಗಿಲಲ್ಲಿ ನಿಂತಿದ್ದ ಈ 'ಉಭಯಗಾಮಿ'ಯನ್ನು ಕಂಡುಹಿಡಿದಿದ್ದಳು. ವಿದ್ಯುತ್ ಹರಿದಾಗ ಹಿಗ್ಗಿ, ನಿಂತಾಗ ಮೊದಲಿನ ಆಕಾರಕ್ಕೆ ಮರಳುವ ಮಿಶ್ರಲೋಹದ ಕಡ್ಡಿಗಳು ಅದರ ಗುಟ್ಟು. ಒಳಗೂ ಹೊರಗೂ ಒಂದೇ ಕುರ್ಚಿ. ಆದರೆ ಅದು ಕಾಗದದ ಮೇಲೆ ಮಾತ್ರ.

ಬರುವ ಸೋಮವಾರ ನೀಲಾಂಬಿಕೆ ಪಾಲಿಟೆಕ್ನಿಕ್ಕಿನಲ್ಲಿ ಯಂತ್ರಗಳ ನಕ್ಷೆ ಬರೆಯುವುದನ್ನು ಕಲಿಸುವ ಕೆಲಸಕ್ಕೆ ಸೇರಬೇಕಿತ್ತು. ನಲವತ್ತೊಂದನೆಯ ವಯಸ್ಸಿನಲ್ಲಿ ಸಿಕ್ಕ ಮೊದಲ ನೌಕರಿ. ಒಂಬತ್ತೂವರೆಗೆ ಹೊರಟು ಮೂರಕ್ಕೆ ಮರಳಬೇಕು. ಅಣ್ಣ ಆರಕ್ಕೇ ವರ್ಕ್‌ಶಾಪಿಗೆ ಹೋಗುತ್ತಾನೆ. ವೈನಿ ಶಾಲೆಗೆ ಎಂಟಕ್ಕೆ ಹೊರಟರೆ ಬರುವುದು ಐದೂವರೆಗೆ. ಸಂದರ್ಶನದ ದಿನ ನೀಲಾಂಬಿಕೆ ಬೇಗ ಬಂದು, ಎತ್ತಿ ಕೂರಿಸುವವರಿಲ್ಲದೆ, ಕಟ್ಟೆಯ ಮೇಲೆ ಎರಡೂವರೆ ತಾಸು ಕಾದಿದ್ದಳು. ಬೀಗದ ಕೈ ಕೈಯಲ್ಲೇ ಇತ್ತು, ಬಚ್ಚಲು ಹತ್ತು ಹೆಜ್ಜೆ ದೂರದಲ್ಲಿತ್ತು. ಅಂದು ಪಟ್ಟ ಅವಮಾನವನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಇಂದು ಶನಿವಾರ, ವೈನಿಯ ಶಾಲೆಗೆ ರಜೆ. ನಾಲ್ಕು ಗಂಟೆಗೆ ವಿದುಲಾ ಬಂದಳು. ಗಾಲಿಗಳ ತಪಾಸಣೆಗೆಂದು ಶಕುಂತಲಾ ನೀಲಾಂಬಿಕೆಯನ್ನು ಮತ್ತೆ ಎತ್ತಿ ಹೊರಗಿನ ಉಭಯಗಾಮಿಯಲ್ಲಿ ಕೂರಿಸಿದಳು. ವಿದುಲಾ ಗಾಲಿಯನ್ನು ಮುಟ್ಟಲೇ ಇಲ್ಲ. ಚೀಲದಿಂದ ಒಂದು ಹಾಳೆ ತೆಗೆದು ಕಟ್ಟೆಯ ಮೇಲೆ ಕೂತಳು.

"ಪ್ರಯೋಗಕ್ಕ ಮುನ್ನೂರು ಕುರ್ಚಿ ಕೊಟ್ಟಿದ್ವಿ. ಇನ್ನೂರಾ ಎಂಬತ್ತು ಹಿಂಗನ ಬಾಗಲಾ ಹೊರಗ ನಿಂತಾವು," ಎಂದಳು. "ರೊಕ್ಕಾ ಕೊಡೋ ಸಮಿತಿಯವರು ನಕ್ಕರ್ರಿ. ಜನಾ ಒಂದ ಕಡೆ ಬಳಸ್ತಾರಂದ್ರ ಎರಡೂ ಕಡೆ ಓಡೋ ಗಾಡಿ ಯಾಕ ಅಂದ್ರು. ಒಳಗಿಂದ ಬ್ಯಾರೆ, ಹೊರಗಿಂದ ಬ್ಯಾರೆ ಮಾಡಿ ಒಬ್ಬರಿಗೆ ಒಂದು ಕೊಡ್ರಿ ಅಂದಾರ. ಇದನ್ನ ವಾಪಸ್ ಒಯ್ತಾರ. ಯಾವುದು ಬೇಕು, ಇವತ್ತ ಸಂಜಿಯೊಳಗ ಗುರುತು ಹಾಕಿ ಕೊಡ್ರಿ."

ಹಾಳೆಯಲ್ಲಿ ಎರಡು ಚೌಕಗಳಿದ್ದವು. ಮನೆಯೊಳಗೆ. ಮನೆಯ ಹೊರಗೆ.

ನೀಲಾಂಬಿಕೆಗೆ ಮೈಯೆಲ್ಲ ಉರಿಯಿತು. "ಯಾವುದು ತಗೊಂಡ್ರೂ ನಡುವ ಎತ್ತಾಕ ಒಬ್ಬರು ಬೇಕಲ್ರಿ! ಹನ್ನೊಂದು ವರ್ಷದಾಗ ನಿಮಗ ಒಮ್ಮೆನೂ ಚಪ್ಪಲ್ ನೆನಪಾಗಲಿಲ್ಲೇನು?"

"ಆಗಲಿಲ್ಲರಿ." ವಿದುಲಾಳ ಮುಖ ಕೆಂಪಾಯಿತು. "ನಮ್ಮ ಲ್ಯಾಬಿನಾಗ ಬೀದಿನೂ, ಮನಿ ನೆಲಾನೂ ಒಂದ ಸೂರಿನ ಕೆಳಗ ಮಾಡಿದ್ವಿ. ಅಲ್ಲಿ ಕಲ್ಲಿಗೂ ಧೂಳಿರಲಿಲ್ಲ. ನಾವು ದಿನಾ ಚಪ್ಪಲ್ ಹೊರಗ ಬಿಟ್ಟ ಒಳಗ ಹೋಗ್ತಿದ್ವಿ, ಆದ್ರೂ ಹೊಳೀಲಿಲ್ಲ ನೋಡ್ರಿ. ಈಗೊಂದು ಉಪಾಯ ಐತಿ. ಹೊಸ್ತಿಲ ಮುಂದ ಗಾಲಿ ತನ್ನ ಮ್ಯಾಲಿನ ಪದರಾ ತಾನ ಕಳಚಿಡೋ ಹಂಗ ಮಾಡಬಹುದು. ಎರಡು ವರ್ಷ ಟೈಮ್ ಕೇಳೇನಿ."

"ಎರಡು ವರ್ಷ!"

ಇಷ್ಟು ವರ್ಷ ಎಲ್ಲದಕ್ಕೂ ಹೂಂ ಎಂದು ತಲೆಯಾಡಿಸಿದ ಹೆಂಗಸು ನೀಲಾಂಬಿಕೆ. ವೈನಿಗೆ ತೊಂದರೆಯಾಗಬಾರದು, ಅಣ್ಣನಿಗೆ ಬೇಸರವಾಗಬಾರದು ಎಂದು ಆಸೆಗಳನ್ನೆಲ್ಲ ನುಂಗಿಕೊಂಡವಳು. ಆ ಗಳಿಗೆಯಲ್ಲಿ ಅವಳಿಗೆ ಸಮಿತಿಯ ಮೇಲೆ, ವಿದುಲಾಳ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ತನ್ನ ಮೇಲೆ ಸಿಟ್ಟು ಬಂತು. ಹಾಳೆಯನ್ನು ವಿದುಲಾಳ ಕೈಗೇ ತುರುಕಿ ಕುರ್ಚಿಯನ್ನು ಬಾಗಿಲಿಗೆ ತಿರುಗಿಸಿದಳು. ಕುರ್ಚಿ ಕುಗ್ಗಿತು, ಹೊಸ್ತಿಲು ಹತ್ತಿತು, ಇಳಿಯಿತು.

"ಅಯ್ಯ! ಅಯ್ಯ! ಗಾಲಿ, ನೀಲಾ, ಗಾಲಿ!" ಶಕುಂತಲಾ ಹಿಂದೆಯೇ ಓಡಿದಳು.

ನೀಲಾಂಬಿಕೆ ನಿಲ್ಲಲಿಲ್ಲ. ನಡುಮನೆ ದಾಟಿ, ಜಗಲಿಯ ಮುಂದೆ ಹಾದು, ನೇರ ಅಡುಗೆಮನೆಗೆ ಹೋದಳು. ಒಂದು ಲೋಟ ನೀರು ಬಗ್ಗಿಸಿಕೊಂಡು ಗಟಗಟನೆ ಕುಡಿದಳು. ಹಿಂದೆ ನೆಲದ ಮೇಲೆ ಕೆಂಪು ಮಣ್ಣಿನ ಎರಡು ಗೆರೆಗಳು ಬಾಗಿಲಿನಿಂದ ಅಲ್ಲಿಯವರೆಗೂ ಬಿದ್ದಿದ್ದವು.

ಶಕುಂತಲಾ ಸೊಂಟದ ಮೇಲೆ ಕೈಯಿಟ್ಟು ಆ ಗೆರೆಗಳನ್ನು ನೋಡುತ್ತ ನಿಂತಳು. ಬೈಗುಳ ಬಾಯಿಗೆ ಬಂದಿತ್ತು. ಅದನ್ನು ಹಾಗೇ ಬಾಯಲ್ಲಿಟ್ಟುಕೊಂಡು ಬಚ್ಚಲಿಗೆ ಹೋಗಿ, ಬಕೆಟ್ಟಿನಲ್ಲಿ ನೀರು ತಂದು, ಬಟ್ಟೆ ಹಿಂಡಿ ಒರೆಸತೊಡಗಿದಳು. ಬಾಗಿಲಿನಿಂದ ಜಗಲಿಯವರೆಗೆ ಒಮ್ಮೆ, ಅಲ್ಲಿಂದ ಅಡುಗೆಮನೆಯವರೆಗೆ ಒಮ್ಮೆ. ಕೊನೆಗೆ ಕುರ್ಚಿಯ ಗಾಲಿಗಳನ್ನೂ ಒರೆಸಿದಳು. ಮುಗಿಯಿತು. ಅವಳು ಬಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡೇ ನೆಲದ ಮೇಲೆ ಕೂತುಬಿಟ್ಟಳು.

"ಇಷ್ಟೇನಾ?" ಎಂದಳು. "ಇಪ್ಪತ್ತು ವರ್ಷ ನಿನ್ನ ಎತ್ತಿ ಎತ್ತಿ ನನ್ನ ಸೊಂಟಾ ಮುರಕೊಂಡ್ನಲ್ಲವ್ವಾ. ಇಷ್ಟಕ್ಕೇನ?" ಅವಳ ಕಣ್ಣಲ್ಲಿ ನೀರು ತುಂಬಿತ್ತು.

"ವೈನಿ, ಸೋಮವಾರ ಮೂರಕ್ಕ ಬರ್ತೀನ್ರಿ. ನೆಲಾ ಹೊಲಸಾಗ್ತೇತಿ."

"ಆಗಲಿ ಬಿಡು. ಸಂಜಿಗೆ ಬಂದು ನಾ ಒರಸ್ತೀನಿ."

ವಿದುಲಾ ತನ್ನ ಚಪ್ಪಲಿಗಳನ್ನು ಬಿಟ್ಟು ಹೊಸ್ತಿಲ ಬಳಿ ನಿಂತಿದ್ದಳು. ವಿಜ್ಞಾನಿಯ ಅಭ್ಯಾಸಬಲದಿಂದ ಗಡಿಯಾರ ನೋಡಿಕೊಂಡಿದ್ದಳು. ಒರೆಸಲು ಎರಡು ನಿಮಿಷವೂ ಹಿಡಿದಿರಲಿಲ್ಲ. ಅವಳು ಹಾಳೆಯಲ್ಲಿ ಎರಡೂ ಚೌಕಗಳಿಗೆ ಗುರುತು ಹಾಕಿ, ಕೆಳಗೆ 'ಈ ಕುರ್ಚಿಯನ್ನು ವಾಪಸ್ ಒಯ್ಯತಕ್ಕದ್ದಲ್ಲ' ಎಂದು ಬರೆದು ಸಹಿ ಮಾಡಿದಳು. ಸಮಿತಿಗೆ ಏನು ಹೇಳುವುದೆಂದು ಆಮೇಲೆ ನೋಡಿಕೊಂಡರಾಯಿತು.

ಮರಳುವ ದಾರಿಯುದ್ದಕ್ಕೂ ವಿದುಲಾಳಿಗೆ ಸಮಾಧಾನವಾಗಲಿಲ್ಲ. ಮೆಟ್ಟಿಲು ಹತ್ತಲು ಮಿಶ್ರಲೋಹ ಬೇಕಿತ್ತು, ಸರಿ. ಆದರೆ ಆ ಎರಡು ನಿಮಿಷಕ್ಕೆ ಯಾವ ಸಂಶೋಧನೆಯೂ ಬೇಕಿರಲಿಲ್ಲ. ಮೂವತ್ತು ವರ್ಷಗಳ ಹಿಂದೆ, ಗಾಲಿಕುರ್ಚಿಗಳು ಇನ್ನೂ ಮೊದ್ದಾಗಿದ್ದ ಕಾಲದಲ್ಲೂ, ಎಲ್ಲರ ಮನೆಯಲ್ಲೂ ಒಂದು ಬಕೆಟ್ಟಿತ್ತು, ನೆಲ ಒರೆಸುವ ಬಟ್ಟೆಯಿತ್ತು. ಗಾಲಿ ಒಳಗೆ ಬಂದರೆ ಒರೆಸಿದರಾಗದೇ ಎಂದು ಯಾರೂ ಕೇಳಿರಲಿಲ್ಲ, ಅಷ್ಟೇ. ಕುರ್ಚಿಯಲ್ಲಿ ಕೂತವರೂ ಕೇಳಿರಲಿಲ್ಲ.