ಟ್ಯಾಂಕಿನೊಳಗಿನ ಎಳೆ

ಕಾರಿಗೆ ಒಂದು ಗೀರೂ ಬಿದ್ದಿರಲಿಲ್ಲ. ಹೆಣ ಅದರಿಂದ ಇಪ್ಪತ್ತು ಅಡಿ ದೂರದಲ್ಲಿತ್ತು.

ಹೋಳೂರಿನಿಂದ ಕೋಲಾರಕ್ಕೆ ಬರುವ ರಸ್ತೆಯ ತಿರುವು. ಮಧ್ಯಾಹ್ನ ಎರಡೂ ಹತ್ತು. ಕೆಟ್ಟು ನಿಂತ ಕಾರಿನ ಬಾನೆಟ್ ಎತ್ತಲು ಇಳಿದಿದ್ದ ಅಮರನಾಥನನ್ನು ಲಾರಿಯೊಂದು ಎಳೆದೊಯ್ದಿತ್ತು. ಅವನ ಜೇಬಿನಲ್ಲಿ ಊರಿನ ಹಾಲಿನ ಸಂಘದ ಚುನಾವಣೆಯ ನಾಮಪತ್ರವಿತ್ತು. ಅದನ್ನು ಅಂದೇ ಮೂರು ಗಂಟೆಯೊಳಗೆ ಕೋಲಾರದಲ್ಲಿ ಸಲ್ಲಿಸಬೇಕಿತ್ತು. ಎದುರಾಳಿ ಅವನ ಚಿಕ್ಕಪ್ಪ ಕೋದಂಡರಾಮಪ್ಪ, ಇಪ್ಪತ್ತು ವರ್ಷದಿಂದ ಸಂಘದ ಅಧ್ಯಕ್ಷ.

ಲಾರಿ ಚಾಲಕ ಸಿಕ್ಕಿದ್ದ. ಆದರೆ ಕೋದಂಡರಾಮಪ್ಪ ದೂರು ಕೊಟ್ಟಿದ್ದು ಹೋಳೂರಿನ ಮೆಕ್ಯಾನಿಕ್ ಮುನೇಶನ ಮೇಲೆ.

"ನಿನ್ನೆ ತಾನೆ ಫ್ಯೂಯಲ್ ಪಂಪು ಹಾಕಿದ್ದಾನೆ ಮೇಡಂ. ಯಾವುದೋ ಹಳೇದು ಕಟ್ಟಿ ನಮ್ಮಣ್ಣನ ಮಗನ್ನ ಕೊಂದ."

ಎಸ್‌ಐ ಗಂಗಾಲಕ್ಷ್ಮಿ ದೂರು ಬರೆದುಕೊಂಡರು. ಅದು ಬಂದ ಅವಸರವೇ ಅವರಿಗೆ ಸರಿಬರಲಿಲ್ಲ.

* * *

"ಕೇಸಾದ್ರೆ ನನ್ ಹತ್ರ ಸೈಕಲ್ಲೂ ಬಿಡಲ್ಲ ಮೇಡಂ," ಎಂದ ಮುನೇಶ್. ಠಾಣೆಯ ಬೆಂಚಿನ ತುದಿಯಲ್ಲಿ ಕೂತಿದ್ದ. "ಅಮರಣ್ಣ ಎರಡಕ್ಕೆ ಫೋನ್ ಮಾಡಿದ್ದ. ಕಾರು ಒಂದ್ಸಲ ನಿಂತು, ಹತ್ತು ನಿಮಿಷ ಬಿಟ್ಟು ತಾನೇ ಸ್ಟಾರ್ಟ್ ಆಯ್ತಂತೆ. ಮತ್ತೆ ನಿಂತ್ಕೊಂತು ಅಂದ."

"ಅದರಿಂದೇನು?"

"ಟ್ಯಾಂಕಲ್ಲಿ ಕಸ ಇದ್ರೆ ಹಂಗಾಗುತ್ತೆ. ಪಂಪು ಎಳೆದಾಗ ಜಾಲರಿಗೆ ಬಂದು ಅಂಟ್ಕೊಳ್ಳುತ್ತೆ. ಆಫ್ ಮಾಡಿದ್ರೆ ಬಿಟ್ಕೊಳ್ಳುತ್ತೆ."

"ಪಂಪು ಬಿಸಿಯಾದ್ರೂ ಹಂಗೇ ಆಗಲ್ವೇನಯ್ಯಾ?"

"ಆಗುತ್ತೆ. ಅದಕ್ಕೇ ಪರೀಕ್ಷೆ ಮಾಡ್ಸಿ ಅಂತಿರೋದು. ನಾನು ಮುಟ್ಟಲ್ಲ."

ಗಂಗಾಲಕ್ಷ್ಮಿ ಮೊದಲು ಅಮರನಾಥ ಪೆಟ್ರೋಲ್ ಹಾಕಿಸಿದ್ದ ಬಂಕಿಗೆ ಹೋದರು. ಅಲ್ಲಿ ತುಂಬಿಸಿಕೊಂಡ ಬೇರೆ ಯಾವ ಗಾಡಿಯೂ ಕೆಟ್ಟು ನಿಂತಿರಲಿಲ್ಲ. ನಂತರ ಮೋಟಾರು ವಾಹನ ನಿರೀಕ್ಷಕರು ಕಾರಿಗೆ ಪೆಟ್ರೋಲಿನ ಒತ್ತಡ ಅಳೆಯುವ ಗೇಜ್ ಹಾಕಿದರು. ನಾಲ್ಕು ನಿಮಿಷ ಒತ್ತಡ ಸರಿಯಾಗಿತ್ತು. ಆಮೇಲೆ ಮುಳ್ಳು ಕುಸಿಯಿತು, ಎಂಜಿನ್ ನಿಂತಿತು. ಅದೇ ಪಂಪನ್ನು ಬಿಚ್ಚಿ ಶುದ್ಧ ಪೆಟ್ರೋಲಿನ ಕ್ಯಾನಿಗೆ ಇಳಿಸಿದರು. ಅರ್ಧ ಗಂಟೆ ಒಂದೇ ಸಮನೆ ಓಡಿತು.

ತಪ್ಪು ಪಂಪಿನದಲ್ಲ. ಟ್ಯಾಂಕಿನ ತಳದಲ್ಲಿ ಒಂದು ಹಿಡಿ ಹಳದಿ ಎಳೆ ಸಿಕ್ಕಿತು. ರೇಷ್ಮೆಗೂಡಿನ ಮೇಲೆ ಹತ್ತಿಯಂತೆ ಸುತ್ತಿಕೊಂಡಿರುತ್ತದಲ್ಲ, ಅದು.

* * *

ಅಮರನಾಥನ ಊರಲ್ಲಿ ರೇಷ್ಮೆಹುಳು ಸಾಕದ ಮನೆಯೇ ಇಲ್ಲ. ಕಾರು ರಾತ್ರಿಯಿಡೀ ನಿಂತಿದ್ದು ಅಮರನಾಥನಿಗೂ ಚಿಕ್ಕಪ್ಪನಿಗೂ ಸೇರಿದ ಅಂಗಳದಲ್ಲಿ. ಟ್ಯಾಂಕಿನ ಮುಚ್ಚಳಕ್ಕೆ ಬೀಗವಿರಲಿಲ್ಲ.

ಅನುಮಾನ ಕೋದಂಡರಾಮಪ್ಪನ ಸುತ್ತ ಬಿಗಿಯಿತು. ಆದರೆ ಕಾರು ಗ್ಯಾರೇಜಿನಿಂದ ಬರುವ ಮೊದಲೇ ಅವರು ಮುಳಬಾಗಿಲಿಗೆ ಮದುವೆಗೆ ಹೋಗಿದ್ದರು. ಹಿಂತಿರುಗಿದ್ದು ಅಪಘಾತದ ಸುದ್ದಿ ಕೇಳಿ. ಇದಕ್ಕೆ ಇಡೀ ಛತ್ರವೇ ಸಾಕ್ಷಿ.

ಗಂಗಾಲಕ್ಷ್ಮಿ ಪಕ್ಕದ ಮನೆಯ ಚಿಕ್ಕವೆಂಕಟಮ್ಮನ ಬಳಿ ಕೂತರು.

"ಅವತ್ತು ಬೆಳಗ್ಗೆ ಏನಾದ್ರೂ ವಿಚಿತ್ರ ಕಂಡ್ರಾ?"

"ವಿಚಿತ್ರ ಏನಮ್ಮಾ? ಅಧ್ಯಕ್ಷರ ಹೆಂಡ್ತಿ ಶ್ಯಾಮಲಕ್ಕನ ಹುಳಕ್ಕೆ ನಾನೇ ಸೊಪ್ಪು ಹಾಕ್ದೆ. ನಾಲ್ಕನೇ ಜ್ವರ ಎದ್ದು ಕೊನೇ ಪೊರೆ ಬಿಟ್ಟ ಹುಳ, ಬಕಾಸುರನ ಥರ ತಿಂತಾವೆ. ಅಂಥಾ ಹೊತ್ತಲ್ಲಿ ಕೈ ನೋವು ಅಂತ ಬಾಗ್ಲಾಚೆ ನಿಂತ್ಲು ಮಹಾರಾಣಿ. ಆದ್ರೆ ಹಸು ಕರೆದ್ಲು. ಹುಲ್ಲಿನ ಹೊರೇನೂ ಹೊತ್ಲು!"

ಗಂಗಾಲಕ್ಷ್ಮಿ ಎದ್ದರು.

* * *

ಅಂಗಳದಲ್ಲಿ ಕೋದಂಡರಾಮಪ್ಪ, ಅವರ ಹೆಂಡತಿ ಶ್ಯಾಮಲಮ್ಮ.

"ಅಮ್ಮಾ, ಕೈ ನೋವಿದ್ದೋರು ಹಾಲು ಕರೀತಾರಾ?"

ಶ್ಯಾಮಲಮ್ಮ ಸೆರಗು ಹಿಡಿದುಕೊಂಡರು.

"ನೋವಿರಲಿಲ್ಲ. ಪೆಟ್ರೋಲ್ ವಾಸನೆ ಇತ್ತು," ಎಂದರು ಗಂಗಾಲಕ್ಷ್ಮಿ. "ಎಳೆಯನ್ನ ಟ್ಯಾಂಕಿಗೆ ತುರುಕುವಾಗ ಕೈಮೇಲೆ ಚೆಲ್ಲಿತು. ಸೋಪಿಗೆ ಹೋಗಲಿಲ್ಲ. ಆ ಕೈಯಲ್ಲಿ ಸೊಪ್ಪು ಹಾಕಿದ್ರೆ ಹುಳು ಸಾಯುತ್ತೆ ಅಂತ ಗೊತ್ತಿರೋರು ನೀವು. ಹಾಲು ಕರೆಯೋಕೆ ಆ ಭಯ ಇಲ್ಲ. ಊರಲ್ಲಿ ಎಲ್ಲರ ಮನೇಲೂ ಎಳೆ ಇದೆ. ಕೊನೆ ಹಂತದ ಹುಳದಿಂದ ಅವತ್ತು ದೂರ ನಿಂತೋರು ಒಬ್ಬರೇ."

"ಮೇಡಂ, ಏನೇನೋ ಹೇಳ್ಬೇಡಿ," ಎಂದು ಕೋದಂಡರಾಮಪ್ಪ ಹೆಂಡತಿಯ ಕಡೆ ತಿರುಗಿದರು. "ಏನೇ, ಇಲ್ಲ ಅನ್ನೇ!"

ಶ್ಯಾಮಲಮ್ಮ ಇಲ್ಲ ಅನ್ನಲಿಲ್ಲ.

"ಅಯ್ಯೋ ದೇವುಡಾ... ಮೂರು ಗಂಟೆ ದಾಟಿಸಿದ್ರೆ ಸಾಕಿತ್ತು. ಅಧ್ಯಕ್ಷರ ಮನೆ ಅಂತ ಇಪ್ಪತ್ತು ವರ್ಷ ಕರೆಸ್ಕೊಂಡಿದೀವಿ. ಅವನು ಗೆಲ್ತಾನೆ ಅಂತ ನೀವೇ ಹೇಳಿ ಊಟ ಬಿಟ್ರಲ್ಲ! ಕಾರು ಕೆಡ್ಲಿ ಅಂತ ಅಷ್ಟೇ ಕಣ್ರೀ. ಅವನು ರಸ್ತೆ ಮಧ್ಯೆ ಇಳೀತಾನೆ ಅಂತ ನನಗೇನು ಗೊತ್ತು? ಎತ್ತಿ ಆಡಿಸಿದ ಮಗು ಅವನು."

ಪೇದೆಯರು ಶ್ಯಾಮಲಮ್ಮನನ್ನು ಜೀಪಿಗೆ ಹತ್ತಿಸಿದರು. ಅದು ಹೊರಡುವಷ್ಟರಲ್ಲಿ ಕೋದಂಡರಾಮಪ್ಪ ಬರಿಗಾಲಲ್ಲೇ ಓಡಿಬಂದು ಬಾಗಿಲು ಹಿಡಿದರು.

"ನನ್ನೂ ಕರ್ಕೊಂಡ್ ಹೋಗಿ. ಆ ಹುಡುಗ ಮುನೇಶನ ಹೆಸರು ಬರೆಸಿದೋನು ನಾನು. ನಾನೇ ಬಂದು ತೆಗೆಸ್ತೀನಿ."