ಅರ್ಧ ದಿನದ ಆಸ್ಗೈರ್

"ಇಲ್ಲಿ ವಾಫಲ್ ಸುಡೋಕೆ ಮೈಯಲ್ಲಿ ಶಕ್ತಿ ಇದೆ... ನನ್ನ ಬೇಕರಿಗೆ ಬಂದ್ರೆ ಮಾತ್ರ ಸುಸ್ತಾ, ಆಸ್ಗೈರ್?"

ಟೋರುನ್ ಬಾಯಿಂದ ಮಾತು ಜಾರಿಯೇ ಹೋಯಿತು. ಸಭಾಭವನಕ್ಕೆ ಬಣ್ಣ ಬಳಿಯಲು ಡುಗ್ನಾಡ್‌ಗೆ, ಅಂದರೆ ಊರೊಟ್ಟಿನ ಶ್ರಮದಾನಕ್ಕೆ ಬಂದವರೆಲ್ಲ ಬ್ರಷ್ ಹಿಡಿದು ನಿಂತಲ್ಲೇ ನಿಂತರು.

ಊರವರಿಗಾಗಿ ಸ್ಟೂಲಿನ ಮೇಲೆ ಕೂತು ವಾಫಲ್ ಎಂಬ ಸಿಹಿ ದೋಸೆ ಸುಡುತ್ತಿದ್ದ ಆಸ್ಗೈರ್ ಏಪ್ರನ್ ಬಿಚ್ಚಿಟ್ಟು, ತಲೆ ತಗ್ಗಿಸಿ ಹೊರಟುಹೋದ.

'ಹೋಗಲಿ! ನಾನೇನು ತಪ್ಪು ಹೇಳಿದೆ?' ಎಂದುಕೊಂಡಳು ಟೋರುನ್. ಆದರೆ ಅವಳ ಕಿವಿ ಬಿಸಿಯಾಗಿತ್ತು.

ಆಸ್ಗೈರ್ ಅವಳ ಬೇಕರಿಯ ಕೆಲಸಗಾರ. ನ್ಯುಮೋನಿಯಾದಿಂದ ಚೇತರಿಸಿಕೊಳ್ಳುತ್ತಿದ್ದ ಅವನಿಗೆ ಕೆಲವು ತಿಂಗಳು ಅರ್ಧ ದಿನದ ಕೆಲಸವಷ್ಟೇ ಸಾಕೆಂದು ವೈದ್ಯರು ಹೇಳಿದ್ದರು. ಹಾಗೆ ಹೇಳಿದ ಮೇಲೆ, ಅಲ್ಲಿನ ಕಾನೂನಿನಂತೆ, ಮಾಲೀಕರು ಕೆಲಸಗಾರನ ಜೊತೆ ಕೂತು, ಯಾವ ಕೆಲಸ ಇರಲಿ, ಯಾವುದು ಬೇಡ ಎಂದು ಮಾತಾಡಿ ತೀರ್ಮಾನಿಸಲೇಬೇಕು. ಅದು ಟೋರುನ್‌ಗೆ ಗೊತ್ತಿಲ್ಲದ್ದೇನಲ್ಲ. ಆದರೂ ಅವನು ಕೇಳಿದಾಗಲೆಲ್ಲ "ನೋಡೋಣ... ಈ ವಾರ ಆರ್ಡರ್ ಜಾಸ್ತಿ" ಎಂದು ಸಾಗಹಾಕಿದ್ದಳು. ಅವನೂ ಮರುಮಾತಾಡದೆ ಪೂರ್ತಿ ದಿನ ದುಡಿಯುತ್ತಿದ್ದ.

ಆರ್ಡರ್ ಬರೀ ನೆಪ! ಮಧ್ಯಾಹ್ನದ ಮೇಲೆ ಅವನಿಲ್ಲದ ಬೇಕರಿಯನ್ನು ನೆನೆದರೇ ಅವಳಿಗೆ ಭಣಗುಟ್ಟಿದಂತಾಗುತ್ತಿತ್ತು. ಅದನ್ನು ತನಗೆ ತಾನೇ ಒಪ್ಪಿಕೊಳ್ಳುವ ಧೈರ್ಯ ಮಾತ್ರ ಅವಳಿಗಿರಲಿಲ್ಲ.

ಸೋಮವಾರ ಆಸ್ಗೈರ್ ಎಲ್ಲರಿಗಿಂತ ಮೊದಲು ಬಂದ. ಹಿಟ್ಟಿನ ಮೂಟೆಗಳನ್ನೂ ತಾನೇ ಹೊತ್ತ. ಮಧ್ಯಾಹ್ನ ದಾಲ್ಚಿನ್ನಿ ಬನ್ನಿನ ಟ್ರೇ ಸಮೇತ ಕುಸಿದುಬಿದ್ದ.

"ಆಸ್ಗೈರ್!"

ಆಂಬುಲೆನ್ಸ್ ಹೋದ ಮೇಲೆ, ಕೌಂಟರಿನಲ್ಲಿರುವ ಹಿರಿಯಾಕೆ ಗುದ್ನಿ ನೆಲದ ಮೇಲಿನ ಬನ್ನು ಆರಿಸುತ್ತ ಅಂದಳು, "ನಿನಗೆ ನಾಚಿಕೆ ಆಗ್ಬೇಕು ಕಣೇ. ಡುಗ್ನಾಡ್‌ಗೆ ಬಾರದಿದ್ರೆ ಊರವರು ಆಡ್ಕೋತಾರೆ, ಕೂತಾದ್ರೂ ಏನಾದ್ರೂ ಮಾಡ್ತೀನಿ ಅಂತ ಬಂದಿದ್ದ ಪಾಪ."

"ನನಗೇನು ಗೊತ್ತಿತ್ತು..."

"ಕೇಳಿದ್ರೆ ತಾನೇ ಗೊತ್ತಾಗೋದು? ಅವನೇನು ನಿನ್ನ ಹತ್ರ ಭಿಕ್ಷೆ ಬೇಡಿದ್ನಾ? ಕೂತು ಮಾತಾಡೋದು ನಿನ್ನ ಹೊಣೆ."

ಆ ಸಂಜೆ ಟೋರುನ್ ಹೂ ಹಿಡಿದು ಆಸ್ಪತ್ರೆಯ ಬಾಗಿಲವರೆಗೆ ಹೋದವಳು ಹಾಗೇ ತಿರುಗಿ ಬಂದಳು. ಯಾವ ಮುಖ ಇಟ್ಟುಕೊಂಡು ಒಳಗೆ ಹೋಗುವುದು? ನಾಚಿಕೆ ಅವಳನ್ನು ಹಿಂಡಿ ಹಿಪ್ಪೆ ಮಾಡಿತ್ತು.

ಸಭಾಭವನಕ್ಕೆ ಎರಡನೇ ಕೋಟ್ ಬಳಿಯುವ ದಿನ, ಆಸ್ಪತ್ರೆಯಿಂದ ಮನೆಗೆ ಮರಳಿದ್ದ ಅವನು ಮತ್ತೆ ಬಂದ! ಮುಖ ಬಿಳಿಚಿಕೊಂಡಿತ್ತು. ಅದೇ ಸ್ಟೂಲಿನ ಮೇಲೆ ಕೂತು, ಸೌಟು ಹಿಡಿದು ವಾಫಲ್ ಸುಡತೊಡಗಿದ.

ಟೋರುನ್ ಬ್ರಷ್ ಕೆಳಗಿಟ್ಟಳು.

"ಎಲ್ರೂ ಕೇಳಿ. ಅವತ್ತು ಎಲ್ಲರ ಮುಂದೆ ಅಂದೆ, ಇವತ್ತೂ ಎಲ್ಲರ ಮುಂದೇ ಹೇಳ್ತೀನಿ. ಡಾಕ್ಟರ್ ಇವನಿಗೆ ಅರ್ಧ ದಿನ ಅಂದಿದ್ರು. ನಾನೇ ಕೊಡ್ಲಿಲ್ಲ. ತಪ್ಪು ನಂದು... ಕ್ಷಮಿಸು, ಆಸ್ಗೈರ್."

ಊರವರು ಸುಮ್ಮನೆ ಕೆಮ್ಮಿ, ಗೋಡೆಯ ಕಡೆ ತಿರುಗಿ ಜೋರಾಗಿ ಬಣ್ಣ ಬಳಿಯತೊಡಗಿದರು.

"ಇನ್ಮೇಲೆ ಮೂಟೆ ಮುಟ್ಟಬೇಡ. ಮಧ್ಯಾಹ್ನಕ್ಕೆ ಮನೆಗೆ ಹೊರಡು. ಉಳಿದದ್ದನ್ನ ನೀನು ಹೇಳು, ನಾನು ಕೇಳ್ತೀನಿ," ಎಂದಳು ಮೆಲ್ಲಗೆ.

"ಇಷ್ಟು ದಿನ ಯಾಕೆ ಕೇಳ್ಲಿಲ್ಲ?"

"ನೀನು ಹೋದ್ಮೇಲೆ... ಅಲ್ಲಿ ನನಗೆ ಇರೋಕಾಗಲ್ಲ."

ಅವನ ಕೈಯಲ್ಲಿದ್ದ ಸೌಟು ನಿಂತಿತು.

"ಅದಕ್ಕೆ ನನ್ನನ್ನ ಕೊಂದೇ ಬಿಡೋಣ ಅಂತಿದ್ಯಾ?"

ತಮಾಷೆಯೇ. ಆದರೂ ಅವಳ ಕಣ್ಣು ತುಂಬಿಬಂತು. ಅವನು ಬಿಸಿ ವಾಫಲ್ ಮೇಲೆ ಕಂದು ಚೀಸ್ ಇಟ್ಟು ಅವಳ ಕೈಗೆ ಕೊಟ್ಟ.

"ಅಳಬೇಡ. 'ಆಗಲ್ಲ' ಅಂತ ನಾನೂ ಗಟ್ಟಿಯಾಗಿ ಹೇಳ್ಬಹುದಿತ್ತು. ನಿನ್ನ ಬಿಟ್ಟು ಹೋಗೋಕೆ... ನನಗೂ ಮನಸ್ಸಿರ್ಲಿಲ್ಲ."

ಅವಳು ಕಣ್ಣೊರೆಸಿಕೊಂಡಳು. "ಹಾಗಾದ್ರೆ ಬೇಕರಿ ಮುಚ್ಚಿ ನಿಮ್ಮನೆಗೆ ಬರ್ಲಾ?"

"ಮಾಲೀಕಳು ಬರೋದಾದ್ರೆ ಬೇಡ."

"ಮತ್ಯಾರು ಬರ್ಬೇಕು?"

"ಟೋರುನ್ ಬರ್ಲಿ," ಎಂದು ಅವನು ನಕ್ಕ. "ಕಾಫಿ ಅವಳೇ ಮಾಡ್ಲಿ. ನಾನು ಕೂತಿರ್ತೀನಿ."